ಉಳ್ಳಾಗಡ್ಡಿ ಡಿಪ್: ಮನೆಯಲ್ಲಿ ಮಾಡುವ ವಿಧಾನ, ಅಳತೆ ಮತ್ತು ಎಚ್ಚರಿಕೆ



ನಮ್ಮ ಸೊಲ್ಲಾಪುರದ ಮನೆಗಳಲ್ಲಿ ಈಗ ಹುಟ್ಟುಹಬ್ಬವಿರಲಿ, ಮದುವೆ ವಾರ್ಷಿಕೋತ್ಸವವಿರಲಿ, ಚಿಪ್ಸ್ ಜೊತೆಗೆ ಒಂದು ಬಟ್ಟಲು ಡಿಪ್ ಬೇಕು ಎಂದು ಮಕ್ಕಳು ಕೇಳುತ್ತಾರೆ. ಸಂಘದ ಕೂಟಗಳಲ್ಲಿಯೂ ಈ ಬೇಡಿಕೆ ಬಂದಿದೆ. ಕಳೆದ ಕಾರ್ಯಕ್ರಮದ ನಂತರ ಹಲವು ಸದಸ್ಯರು ಉಳ್ಳಾಗಡ್ಡಿ ಡಿಪ್ ಮಾಡುವ ವಿಧಾನ ಕೇಳಿದರು. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುವ ಬದಲು ಒಂದೇ ಕಡೆ ಬರೆದಿಟ್ಟರೆ ಬೇಕಾದಾಗ ತೆಗೆದು ನೋಡಲು ಅನುಕೂಲ ಎಂದು ಈ ಲೇಖನ.

ನಾನು ಅಡಿಗೆಯವನಲ್ಲ. ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಹೀಗಾಗಿ ಕೈ ಅಂದಾಜು ನನಗೆ ಬರುವುದಿಲ್ಲ, ತೂಕ ಮತ್ತು ಗಡಿಯಾರ ನೋಡಿಯೇ ಕೆಲಸ ಮಾಡುತ್ತೇನೆ. ಕೆಳಗಿನ ಅಳತೆಗಳೆಲ್ಲ ನಮ್ಮ ಮನೆಯಲ್ಲಿ ತೂಗಿ ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವು.

ಮೊದಲು ಆದ ತಪ್ಪು

ಎರಡು ವರ್ಷದ ಹಿಂದೆ ರಾಜ್ಯೋತ್ಸವದ ನಿಮಿತ್ತ ಕುಟುಂಬ ಕೂಟ ಇಟ್ಟುಕೊಂಡಿದ್ದೆವು. ಸುಮಾರು 60 ಮಂದಿ. ಡಿಪ್ ಮಾಡುವ ಜವಾಬ್ದಾರಿಯನ್ನು ನಾನೇ ಮುಂದಾಗಿ ತೆಗೆದುಕೊಂಡೆ. ಮೊಸರು, ಉಳ್ಳಾಗಡ್ಡಿ, ಉಪ್ಪು, ಇದರಲ್ಲಿ ಏನು ಕಷ್ಟ ಎಂದುಕೊಂಡಿದ್ದೆ. 5 ಕಿಲೋ ಮೊಸರಿಗೆ 2 ಕಿಲೋ ಹಸಿ ಉಳ್ಳಾಗಡ್ಡಿಯನ್ನು ಮಿಕ್ಸಿಯಲ್ಲಿ ತಿರುವಿ ಹಾಕಿ, ಉಪ್ಪು ಬೆರೆಸಿ, ಬೆಳಿಗ್ಗೆ 11 ಗಂಟೆಗೆ ಸಭಾಗೃಹದ ಅಡಿಗೆ ಕೋಣೆಯಲ್ಲಿ ಮುಚ್ಚಿಟ್ಟೆವು. ಸಂಜೆ 5 ಗಂಟೆಗೆ ಮುಚ್ಚಳ ತೆಗೆದಾಗ ಮೇಲೆ ಎರಡು ಬೆರಳು ನೀರು ನಿಂತಿತ್ತು. ಕೆಟ್ಟ ವಾಸನೆ, ಬಾಯಿಗೆ ಕಹಿ. ನಮ್ಮ ಹಿರಿಯ ಸದಸ್ಯೆಯೊಬ್ಬರು ಬೆರಳ ತುದಿಯಲ್ಲಿ ರುಚಿ ನೋಡಿ, "ಕಾರ್ಯದರ್ಶಿಗಳೇ, ಇದನ್ನ ಹುಡುಗರಿಗೆ ಕೊಡಬ್ಯಾಡ್ರಿ" ಎಂದು ಪಾತ್ರೆಯನ್ನೇ ಒಳಗೆ ಇಡಿಸಿದರು. ಅವರು ಹಾಗೆ ಮಾಡಿದ್ದು ಒಳ್ಳೆಯದೇ ಆಯಿತು. ಆರು ತಾಸು ಹೊರಗಿದ್ದ ಆ ಪದಾರ್ಥ ತಿಂದು ಒಂದು ಮಗುವಿಗೆ ಹೊಟ್ಟೆ ಕೆಟ್ಟಿದ್ದರೂ ನಾನು ಯಾರಿಗೆ ಮುಖ ತೋರಿಸಬೇಕಿತ್ತು?

ಮಕ್ಕಳು ಬರೀ ಚಿಪ್ಸ್ ತಿಂದು ಎದ್ದರು. ಇಡೀ ಪಾತ್ರೆ ಚೆಲ್ಲಿದೆವು. ಖರ್ಚಿನ ಪುಸ್ತಕದಲ್ಲಿ "ಉಪಯೋಗವಾಗಲಿಲ್ಲ" ಎಂದು ಷರಾ ಬರೆದು ಸಹಿ ಹಾಕಿದವನೂ ನಾನೇ. ಮುಂದಿನ ಸಭೆಯಲ್ಲಿ "ಇನ್ನು ಮೇಲೆ ತಯಾರಿ ಬಾಟಲಿ ತರೋಣ" ಎಂಬ ಸೂಚನೆ ಬಂತು. ಇನ್ನೊಂದು ಅವಕಾಶ ಕೊಡಿರಿ ಎಂದು ಕೇಳಿಕೊಂಡು, ಮನೆಯಲ್ಲಿ ಐದು ಸಲ ಮಾಡಿ ನೋಡಿದೆ. ಕಳೆದ ವರ್ಷ ಅಷ್ಟೇ ಮಂದಿಗೆ ಮಾಡಿದಾಗ ಬಟ್ಟಲಿನಲ್ಲಿ ಒಂದು ಚಮಚವೂ ಉಳಿಯಲಿಲ್ಲ.

ಡಿಪ್ ಎಲ್ಲಿಂದ ಬಂತು

ಡಿಪ್ ಎಂದರೆ ಅದ್ದಿಕೊಂಡು ತಿನ್ನುವ ಗಟ್ಟಿ ಪದಾರ್ಥ. ಉಳ್ಳಾಗಡ್ಡಿ ಡಿಪ್ ಅಮೆರಿಕದ್ದು. 1950ರ ದಶಕದಲ್ಲಿ ಅಲ್ಲಿ ಲಿಪ್ಟನ್ ಕಂಪನಿಯ ಒಣ ಉಳ್ಳಾಗಡ್ಡಿ ಸೂಪಿನ ಪುಡಿ ಪೊಟ್ಟಣದಲ್ಲಿ ಸಿಗುತ್ತಿತ್ತು. 1954ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ ಯಾರೋ ಆ ಪುಡಿಯನ್ನು ಹುಳಿ ಕೆನೆಗೆ ಬೆರೆಸಿ ಬಟಾಟೆ ಚಿಪ್ಸ್ ಜೊತೆ ಇಟ್ಟರಂತೆ. ಅವರ ಹೆಸರು ದಾಖಲೆಯಲ್ಲಿ ಉಳಿದಿಲ್ಲ. ಅದು ಬೇಗ ಹಬ್ಬಿ "ಕ್ಯಾಲಿಫೋರ್ನಿಯಾ ಡಿಪ್" ಎಂದು ಹೆಸರಾಯಿತು. 1958ರಿಂದ ಕಂಪನಿ ತನ್ನ ಪೊಟ್ಟಣದ ಮೇಲೆಯೇ ಆ ವಿಧಾನ ಅಚ್ಚು ಹಾಕಿತು. ಇದನ್ನೇ ಫ್ರೆಂಚ್ ಆನಿಯನ್ ಡಿಪ್ ಎಂದೂ ಕರೆಯುತ್ತಾರೆ. ಹೆಸರು ಬಂದದ್ದು ಫ್ರೆಂಚ್ ಉಳ್ಳಾಗಡ್ಡಿ ಸೂಪಿನಿಂದ, ಡಿಪ್ ಮಾತ್ರ ಅಮೆರಿಕದ್ದೇ.

ಅವರ ಹುಳಿ ಕೆನೆ ಎಂದರೆ ಹೆಪ್ಪು ಹಾಕಿ ಹುಳಿ ಬರಿಸಿದ ಹಾಲಿನ ಕೆನೆ. ಅಲ್ಲಿಯ ನಿಯಮದಂತೆ ಅದರಲ್ಲಿ ಕನಿಷ್ಠ 18 ಪ್ರತಿಶತ ಹಾಲಿನ ಕೊಬ್ಬು ಇರಬೇಕು. ನಮ್ಮ ಎಮ್ಮೆಯ ಹಾಲಿನಲ್ಲಿ ಇರುವುದು 6ರಿಂದ 7 ಪ್ರತಿಶತ. ಆದ್ದರಿಂದ ಬರೀ ಮೊಸರಿನಲ್ಲಿ ಆ ಕೆನೆತನ ಬರುವುದಿಲ್ಲ. ಮೊಸರನ್ನು ಕಟ್ಟಿ ನೀರು ಬಸಿದು ಚಕ್ಕಾ ಮಾಡಿ, ಸ್ವಲ್ಪ ಕೆನೆ ಸೇರಿಸಿದರೆ ಹತ್ತಿರ ಬರುತ್ತದೆ. ಶ್ರೀಖಂಡ ಮಾಡುವ ನಮ್ಮ ಭಾಗದವರಿಗೆ ಚಕ್ಕಾ ಹೊಸದಲ್ಲ. ಶೇಂಗಾ ಚಟ್ನಿಗೆ ಮೊಸರು ಕಲಸಿ ಖಟಕ ರೊಟ್ಟಿ ಅದ್ದಿ ತಿನ್ನುವವರಿಗೆ ಡಿಪ್ ಕೂಡ ಅಷ್ಟೇನೂ ಹೊಸದಲ್ಲ.

ಮುಖ್ಯ ಮಾತು: ನೀರು

ಐದು ಸಲ ಮಾಡಿ ನಾನು ಕಲಿತದ್ದು ಒಂದೇ ಮಾತು. ಡಿಪ್ ಕೆಡುವುದು ನೀರಿನಿಂದ. ಉಳ್ಳಾಗಡ್ಡಿಯ ತೂಕದಲ್ಲಿ 85 ಪ್ರತಿಶತಕ್ಕೂ ಹೆಚ್ಚು ನೀರೇ. ಮೊಸರಿನಲ್ಲಿಯೂ ಹೆಚ್ಚಿನ ಪಾಲು ನೀರು. ಎರಡನ್ನೂ ಹಸಿಯಾಗಿ ಬೆರೆಸಿ ಉಪ್ಪು ಹಾಕಿದರೆ, ಉಪ್ಪು ಉಳ್ಳಾಗಡ್ಡಿಯೊಳಗಿನ ನೀರನ್ನು ಹೊರಗೆ ಎಳೆಯುತ್ತದೆ, ಮೊಸರೂ ಒಡೆದು ನೀರು ಬಿಡುತ್ತದೆ. ಮೇಲೆ ನಿಂತ ಎರಡು ಬೆರಳು ನೀರು ಹೀಗೆ ಬಂದದ್ದು. ಅಮೆರಿಕದವರ ಮೊದಲ ವಿಧಾನದಲ್ಲಿ ಈ ತೊಂದರೆ ಏಕೆ ಇರಲಿಲ್ಲವೆಂದರೆ, ಅವರು ಹಾಕಿದ್ದು ಒಣ ಉಳ್ಳಾಗಡ್ಡಿ. ಅದು ನೀರು ಬಿಡುವ ಬದಲು ಕೆನೆಯ ನೀರನ್ನು ಹೀರಿಕೊಳ್ಳುತ್ತದೆ.

ಕಹಿಗೆ ಕಾರಣ ಬೇರೆ. ಉಳ್ಳಾಗಡ್ಡಿಯ ಗಂಧಕದ ಅಂಶಗಳು ಮತ್ತು ಅವನ್ನು ಒಡೆಯುವ ಕಿಣ್ವ ಬೇರೆ ಬೇರೆ ಕಡೆ ಇರುತ್ತವೆ. ಹೆಚ್ಚಿದಾಗ ಎರಡೂ ಕೂಡಿ ಖಾರ, ಘಾಟು ಮತ್ತು ಕಣ್ಣೀರು ಬರಿಸುವ ಅನಿಲ ಹುಟ್ಟುತ್ತದೆ. ಮಿಕ್ಸಿಯಲ್ಲಿ ತಿರುವಿದರೆ ಎಲ್ಲವೂ ಒಮ್ಮೆಗೇ ಒಡೆದು ಕಹಿಯಾಗುತ್ತದೆ. ಬಿಸಿ ತಗಲಿದರೆ ಆ ಕಿಣ್ವ ಕೆಲಸ ನಿಲ್ಲಿಸುತ್ತದೆ, ಉಳ್ಳಾಗಡ್ಡಿಯೊಳಗಿನ ಸಕ್ಕರೆ ಮೇಲೆ ಬರುತ್ತದೆ. ಆದ್ದರಿಂದ ಮೊಸರನ್ನು ಕಟ್ಟಬೇಕು, ಉಳ್ಳಾಗಡ್ಡಿಯನ್ನು ಹುರಿಯಬೇಕು. ಎರಡಕ್ಕೂ ಸಮಯ ಬೇಕು. ಹಿಂದಿನ ದಿನವೇ ಕೆಲಸ ಹಿಡಿಯಿರಿ.

ಸಾಮಗ್ರಿ (10ರಿಂದ 12 ಜನಕ್ಕೆ)

ಎಮ್ಮೆಯ ಗಟ್ಟಿ ಮೊಸರು: 1 ಕಿಲೋ
ಉಳ್ಳಾಗಡ್ಡಿ: ಸಿಪ್ಪೆ ತೆಗೆದ ಮೇಲೆ 500 ಗ್ರಾಂ (ತರುವಾಗ 600 ಗ್ರಾಂ)
ಕೆನೆ: 100 ಮಿಲಿ
ಎಣ್ಣೆ: 2 ದೊಡ್ಡ ಚಮಚ
ಬೆಣ್ಣೆ: 1 ದೊಡ್ಡ ಚಮಚ
ಬೆಳ್ಳುಳ್ಳಿ: 2 ಎಸಳು
ಉಪ್ಪು: 1 ಚಹಾ ಚಮಚ
ಕರಿಮೆಣಸಿನ ಪುಡಿ: ಅರ್ಧ ಚಹಾ ಚಮಚ
ಉಳ್ಳಾಗಡ್ಡಿ ತಪ್ಪಲು: ಸಣ್ಣಗೆ ಹೆಚ್ಚಿದ್ದು 2 ದೊಡ್ಡ ಚಮಚ

ಇಷ್ಟರಿಂದ ಸುಮಾರು 700ರಿಂದ 750 ಗ್ರಾಂ ಡಿಪ್ ಆಗುತ್ತದೆ. ಒಬ್ಬರಿಗೆ 60 ಗ್ರಾಂ ಲೆಕ್ಕ ಹಿಡಿದರೆ ಸಾಕು.

ಯಾವ ಉಳ್ಳಾಗಡ್ಡಿ

ನಮ್ಮ ಸೊಲ್ಲಾಪುರದ ಮಾರುಕಟ್ಟೆ ಉಳ್ಳಾಗಡ್ಡಿಗೆ ಹೆಸರಾದದ್ದು. ವಿಜಯಪುರ, ಕಲಬುರಗಿ ಕಡೆಯ ರೈತರೂ ಇಲ್ಲಿಗೆ ಮಾಲು ತರುತ್ತಾರೆ. ಡಿಸೆಂಬರ್ ಮತ್ತು ಜನೇವರಿಯಲ್ಲಿ ಆವಕ ಬಹಳ. ಆದರೆ ಆಗ ಬರುವ ಮುಂಗಾರಿನ ಹೊಸ ಕೆಂಪು ಉಳ್ಳಾಗಡ್ಡಿಯಲ್ಲಿ ನೀರಿನ ಅಂಶ ಹೆಚ್ಚು, ಬಹಳ ದಿನ ತಾಳುವುದೂ ಇಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಕಿತ್ತು ಒಣಗಿಸಿದ ಬೇಸಿಗೆಯ ಉಳ್ಳಾಗಡ್ಡಿ ಗಟ್ಟಿ, ತಿಂಗಳುಗಟ್ಟಲೆ ಇಡಬಹುದು. ಡಿಪ್ಪಿಗೆ ಅದು ಉತ್ತಮ. ಹೊಸ ಮಾಲೇ ಸಿಕ್ಕರೆ ಬಿಡಬೇಕಾಗಿಲ್ಲ. ಹುರಿಯಲು 10 ನಿಮಿಷ ಹೆಚ್ಚು ಬೇಕಾಗುತ್ತದೆ, ಅಷ್ಟೇ. ಕುತ್ತಿಗೆ ಮೆತ್ತಗಾದದ್ದು, ಮೊಳಕೆ ಬಂದದ್ದು, ಸಿಪ್ಪೆಯ ಒಳಗೆ ಕರಿ ಬೂಷ್ಟು ಹಿಡಿದದ್ದು ಬೇಡ.

ಮೊಸರು ಕಟ್ಟುವುದು

ಒದ್ದೆ ಮಾಡಿ ಹಿಂಡಿದ ಶುಭ್ರವಾದ ತೆಳು ಹತ್ತಿ ಬಟ್ಟೆಯಲ್ಲಿ ಮೊಸರು ಹಾಕಿ ಗಂಟು ಕಟ್ಟಿ, ಜರಡಿಯ ಮೇಲಿಟ್ಟು ಕೆಳಗೆ ಪಾತ್ರೆ ಇಡಿರಿ. ಶ್ರೀಖಂಡಕ್ಕೆ ನಾವು ಗೋಡೆಯ ಮೊಳೆಗೆ ನೇತು ಹಾಕುತ್ತೇವೆ. ಥಂಡಿ ದಿನವಾದರೆ ಪರವಾಗಿಲ್ಲ, ಬೇಸಿಗೆಯಲ್ಲಿ ಹಾಗೆ ಮಾಡಿದರೆ ಚಕ್ಕಾ ಹುಳಿಯಾಗುತ್ತದೆ. ಜರಡಿ ಸಮೇತ ಫ್ರಿಜ್ಜಿನಲ್ಲಿ 8ರಿಂದ 10 ತಾಸು ಇಡುವುದು ಸುರಕ್ಷಿತ. ಎಮ್ಮೆಯ ಗಟ್ಟಿ ಮೊಸರಾದರೆ 1 ಕಿಲೋಗೆ ಸುಮಾರು ಅರ್ಧ ಕಿಲೋ ಚಕ್ಕಾ ಬರುತ್ತದೆ. ಆಕಳ ಮೊಸರಿನಿಂದ ಇನ್ನೂ ಕಡಿಮೆ.

ಬಸಿದ ನೀರನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ನಾದಲು, ಮಜ್ಜಿಗೆ ಸಾರಿಗೆ ಬರುತ್ತದೆ.

ಡೈರಿಯಿಂದ ತಯಾರಿ ಚಕ್ಕಾ ತರುವವರು ಮೊದಲು ರುಚಿ ನೋಡಿ ತೆಗೆದುಕೊಳ್ಳಿರಿ. ಸಕ್ಕರೆ ಹಾಕಿದ ಶ್ರೀಖಂಡದಲ್ಲಿ ಹುಳಿ ಮುಚ್ಚಿಹೋಗುತ್ತದೆ, ಡಿಪ್ಪಿನಲ್ಲಿ ಹಾಗಾಗುವುದಿಲ್ಲ.

ಉಳ್ಳಾಗಡ್ಡಿ ಹುರಿಯುವುದು

1. ಉಳ್ಳಾಗಡ್ಡಿಯನ್ನು ಎರಡು ಹೋಳು ಮಾಡಿ ತೆಳ್ಳಗೆ, ಒಂದೇ ದಪ್ಪಕ್ಕೆ ಹೆಚ್ಚಿರಿ. ಹೆಚ್ಚುಕಡಿಮೆ ಆದರೆ ತೆಳ್ಳನೆಯದು ಸುಟ್ಟು ದಪ್ಪನೆಯದು ಹಸಿ ಉಳಿಯುತ್ತದೆ.

2. ದಪ್ಪ ತಳದ ಅಗಲ ಕಡಾಯಿಯಲ್ಲಿ ಎಣ್ಣೆ, ಬೆಣ್ಣೆ ಕಾಯಿಸಿ ಉಳ್ಳಾಗಡ್ಡಿ ಹಾಕಿರಿ. ಮೊದಲ 10 ನಿಮಿಷ ನಡು ಉರಿ. ನೀರು ಬಿಟ್ಟು ಮೆತ್ತಗಾಗುತ್ತದೆ.

3. ನಂತರ ಸಣ್ಣ ಉರಿ ಮಾಡಿ, ಎರಡು ಮೂರು ನಿಮಿಷಕ್ಕೊಮ್ಮೆ ತಳದಿಂದ ಕೈಯಾಡಿಸಿರಿ. ತಳ ಹಿಡಿಯುವಂತೆ ಕಂಡರೆ ಒಂದು ಚಮಚ ನೀರು ಚಿಮುಕಿಸಿ ಕೆರೆದು ಕೂಡಿಸಿರಿ. ಆ ಕಂದು ಅಂಶದಲ್ಲಿಯೇ ರುಚಿ ಇರುವುದು.

4. ಮೊದಲು ಬಿಳಿ, ನಂತರ ಬಂಗಾರದ ಬಣ್ಣ, ಕೊನೆಗೆ ಬೆಲ್ಲದ ಬಣ್ಣ. ಬೆಲ್ಲದ ಬಣ್ಣ ಬಂದಾಗ ಜಜ್ಜಿದ ಬೆಳ್ಳುಳ್ಳಿ ಹಾಕಿ 2 ನಿಮಿಷ ಹುರಿದು ಇಳಿಸಿರಿ.

ಒಟ್ಟು 35ರಿಂದ 45 ನಿಮಿಷ ಬೇಕು. 10 ನಿಮಿಷದಲ್ಲಿ ಆಗುತ್ತದೆ ಎಂದು ಹೇಳುವವರ ಮಾತು ನಂಬಬೇಡಿ. ದೊಡ್ಡ ಉರಿಯಲ್ಲಿ ಅಂಚು ಸುಡುತ್ತದೆ, ಒಳಗೆ ನೀರು ಉಳಿಯುತ್ತದೆ. ಬಣ್ಣಕ್ಕೆಂದು ಸಕ್ಕರೆಯೂ ಬೇಡ. 500 ಗ್ರಾಂ ಉಳ್ಳಾಗಡ್ಡಿ ಹುರಿದು ಮುಗಿದಾಗ 130ರಿಂದ 150 ಗ್ರಾಂ ಉಳಿಯಬೇಕು. ಇದಕ್ಕಿಂತ ಬಹಳ ಹೆಚ್ಚು ತೂಗಿದರೆ ಇನ್ನೂ ನೀರಿದೆ ಎಂದು ತಿಳಿಯಿರಿ. ನಮ್ಮ ಮನೆಯವರು ಈ ತೂಕದ ತಕ್ಕಡಿ ನೋಡಿ ನಗುತ್ತಾರೆ, ಬಣ್ಣ ನೋಡಿಯೇ ಹೇಳುತ್ತಾರೆ. ನನ್ನಂಥವರಿಗೆ ತಕ್ಕಡಿಯೇ ಗತಿ.

ಕಲಸುವುದು

1. ಹುರಿದ ಉಳ್ಳಾಗಡ್ಡಿಯನ್ನು ತಾಟಿನಲ್ಲಿ ಹರಡಿ ಪೂರ್ತಿ ಆರಿಸಿರಿ. ಬಿಸಿಯಾಗಿದ್ದಾಗ ಚಕ್ಕಾಕ್ಕೆ ಹಾಕಿದರೆ ಒಡೆದು ಕಾಳುಕಾಳಾಗುತ್ತದೆ. ಆರಿದ ಮೇಲೆ ಚಾಕುವಿನಿಂದ ಸಣ್ಣಗೆ ಹೆಚ್ಚಿರಿ.

2. ಚಕ್ಕಾವನ್ನು ಜರಡಿಯಲ್ಲಾಗಲಿ, ಹೂರಣ ತಿರುವುವ ಯಂತ್ರದಲ್ಲಾಗಲಿ ಒಮ್ಮೆ ತಿಕ್ಕಿ ಗಂಟು ತೆಗೆಯಿರಿ. ಮಿಕ್ಸಿಗೆ ಹಾಕಿದರೆ ತೆಳ್ಳಗಾಗುತ್ತದೆ.

3. ಕೆನೆಯನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಚಮಚದಿಂದ ಕಲಸಿರಿ. ಡಬ್ಬದಲ್ಲಿ ಸಿಗುವ ಕೆನೆಯಲ್ಲಿ ಸುಮಾರು 25 ಪ್ರತಿಶತ ಕೊಬ್ಬು ಇರುತ್ತದೆ, ಅದು ಸಾಕು. ಮನೆಯ ಹಾಲಿನ ಕೆನೆಯಾದರೆ ತಾಜಾ ಇರಬೇಕು, ನಯವಾಗಿ ಕಡೆದು ಹಾಕಬೇಕು.

4. ಉಳ್ಳಾಗಡ್ಡಿ, ಮೆಣಸಿನ ಪುಡಿ, ಉಪ್ಪಿನಲ್ಲಿ ಮುಕ್ಕಾಲು ಭಾಗ ಹಾಕಿ ಕಲಸಿ, ಮುಚ್ಚಿ ಫ್ರಿಜ್ಜಿನಲ್ಲಿಡಿರಿ. ಕನಿಷ್ಠ 2 ತಾಸು, ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು. ಉಳ್ಳಾಗಡ್ಡಿಯ ಸವಿ ಚಕ್ಕಾಕ್ಕೆ ಇಳಿಯಲು ಇಷ್ಟು ಸಮಯ ಬೇಕು.

5. ಬಡಿಸುವ ಮುಂಚೆ ರುಚಿ ನೋಡಿ ಉಳಿದ ಉಪ್ಪು ಹಾಕಿ, ಮೇಲೆ ಉಳ್ಳಾಗಡ್ಡಿ ತಪ್ಪಲು ಉದುರಿಸಿರಿ.

ಸಮಯ ಇಲ್ಲದವರಿಗೆ: ಬಿರ್ಯಾನಿಗೆ ಹಾಕುವಂತೆ ಉಳ್ಳಾಗಡ್ಡಿಯನ್ನು ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಎಣ್ಣೆ ಬಸಿದು, ಕೈಯಿಂದ ಪುಡಿ ಮಾಡಿ ಚಕ್ಕಾಕ್ಕೆ ಕಲಸಬಹುದು. ಸೂಪಿನ ಪುಡಿ ಬಳಸುವವರು ಬೇರೆ ಉಪ್ಪು ಹಾಕಬೇಡಿ, ಅದರಲ್ಲಿಯೇ ಸಾಕಷ್ಟು ಇರುತ್ತದೆ. ರಕ್ತದೊತ್ತಡ ಇರುವ ಹಿರಿಯರಿಗೆ ಸೂಪಿನ ಪುಡಿಯದು ಬೇಡವೇ ಬೇಡ.

ಜೊತೆಗೆ ಏನಿಡಬೇಕು

ಬಟಾಟೆ ಚಿಪ್ಸ್ ಇದ್ದೇ ಇರುತ್ತದೆ. ಆದರೆ ನಮ್ಮ ಖಟಕ ರೊಟ್ಟಿಯನ್ನು ಎರಡು ಬೆರಳಗಲ ಮುರಿದಿಟ್ಟು ನೋಡಿರಿ. ಜೋಳದ ರೊಟ್ಟಿ ಗಟ್ಟಿ, ಡಿಪ್ ಎತ್ತುವಾಗ ತೆಳು ಚಿಪ್ಸಿನಂತೆ ನಡುವೆ ಮುರಿಯುವುದಿಲ್ಲ. ಕಳೆದ ವರ್ಷ ಚಿಪ್ಸಿಗಿಂತ ಮೊದಲು ಮುಗಿದದ್ದು ರೊಟ್ಟಿಯ ತಾಟು. ಗಜ್ಜರಿ, ಸೌತೆಕಾಯಿ, ಮೂಲಂಗಿಯನ್ನು ಉದ್ದುದ್ದ ಹೆಚ್ಚಿಡಬಹುದು. ಸೌತೆಕಾಯಿಯ ತಿರುಳು ತೆಗೆದು, ಬಟ್ಟೆಯಿಂದ ಒರೆಸಿ ಇಡಿರಿ. ಇಲ್ಲವಾದರೆ ಅದರ ನೀರು ಬಟ್ಟಲಿಗೆ ಇಳಿಯುತ್ತದೆ.

60 ಜನಕ್ಕೆ ಮಾಡುವಾಗ

ಮೊಸರು 5 ಕಿಲೋ, ಉಳ್ಳಾಗಡ್ಡಿ ತರುವಾಗ 3 ಕಿಲೋ, ಕೆನೆ ಅರ್ಧ ಲೀಟರ್. ಉಪ್ಪನ್ನು ಮಾತ್ರ ಐದು ಪಟ್ಟು ಮಾಡಬೇಡಿ. ಮೊದಲು 3 ಚಹಾ ಚಮಚ ಹಾಕಿ, ನಂತರ ರುಚಿ ನೋಡಿ ಏರಿಸಿರಿ. ಎಲ್ಲ ಉಳ್ಳಾಗಡ್ಡಿಯನ್ನು ಒಂದೇ ಕಡಾಯಿಗೆ ತುಂಬಿದರೆ ಹುರಿಯುವ ಬದಲು ಬೇಯುತ್ತದೆ. ಮೂರು ಸಲ ಮಾಡಿರಿ, ಇಲ್ಲವೆ ಮೂರು ಮನೆಗಳಿಗೆ ಹಂಚಿಕೊಳ್ಳಿರಿ. ನಾವು ಕಳೆದ ವರ್ಷ ಮೂರು ಮನೆಗಳಲ್ಲಿಯೇ ಮಾಡಿಸಿದೆವು. ಚಕ್ಕಾ ಮತ್ತು ಉಳ್ಳಾಗಡ್ಡಿಯನ್ನು ಬೇರೆ ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟು, ಹಿಂದಿನ ರಾತ್ರಿ ಒಬ್ಬರ ಮನೆಯಲ್ಲಿ ಕೂಡಿಸಿದೆವು.

ಎಚ್ಚರಿಕೆ

ಹಾಲಿನ ಪದಾರ್ಥದಲ್ಲಿ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಡಿಪ್ ಹೊರಗೆ 2 ತಾಸಿಗಿಂತ ಹೆಚ್ಚು ಇರಬಾರದು. ಬಿಸಿಲು 32 ಡಿಗ್ರಿ ದಾಟಿದ್ದರೆ 1 ತಾಸು ಮಾತ್ರ. ಸೊಲ್ಲಾಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ಆದ್ದರಿಂದ:

ಒಂದು ದೊಡ್ಡ ಪಾತ್ರೆ ಹೊರಗಿಡುವ ಬದಲು ಸಣ್ಣ ಬಟ್ಟಲುಗಳಲ್ಲಿ ಸ್ವಲ್ಪ ಸ್ವಲ್ಪ ಇಡಿರಿ. ಉಳಿದದ್ದು ಫ್ರಿಜ್ಜಿನಲ್ಲಿ ಇಲ್ಲವೆ ಬರ್ಫಿನ ಡಬ್ಬಿಯಲ್ಲಿ ಇರಲಿ.

ಬಟ್ಟಲಿನ ಕೆಳಗೆ ಅಗಲ ತಾಟಿನಲ್ಲಿ ಬರ್ಫ ಇಡಿರಿ. ಬರ್ಫದ ನೀರು ಒಳಗೆ ಹೋಗದಂತೆ ನೋಡಿರಿ.

ಮೇಜಿನ ಮೇಲಿಂದ ವಾಪಸು ಬಂದದ್ದನ್ನು ದೊಡ್ಡ ಪಾತ್ರೆಗೆ ಕೂಡಿಸಬೇಡಿ. ಕಚ್ಚಿದ ಚಿಪ್ಸನ್ನು ಮತ್ತೆ ಅದ್ದುವುದು ಮಕ್ಕಳಲ್ಲಿ ಸಾಮಾನ್ಯ. ಒಂದು ಚಮಚ ಇಟ್ಟು, ತಮ್ಮ ತಾಟಿಗೆ ಹಾಕಿಕೊಂಡು ತಿನ್ನಲು ಹೇಳಿರಿ.

ಮುಟ್ಟದೆ ಫ್ರಿಜ್ಜಿನಲ್ಲಿಟ್ಟ ಡಿಪ್ 3 ದಿನ ಇರುತ್ತದೆ. ಅದಕ್ಕಿಂತ ಹೆಚ್ಚು ಇಡಬೇಡಿ.

ಇನ್ನೊಂದು ಮಾತು. ನಮ್ಮಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ತಿನ್ನದ ಮನೆಗಳಿವೆ. ಚಾತುರ್ಮಾಸದಲ್ಲಿ ಬಿಡುವವರೂ ಇದ್ದಾರೆ. ಡಿಪ್ ನೋಡಿದರೆ ಒಳಗೇನಿದೆ ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಬಟ್ಟಲಿನ ಮುಂದೆ "ಉಳ್ಳಾಗಡ್ಡಿ ಇದೆ" ಎಂದು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಚೀಟಿ ಇಡಿರಿ. ಅದೇ ಚಕ್ಕಾದಲ್ಲಿ ಕೊತ್ತಂಬರಿ, ಪುದೀನಾ, ಹುರಿದ ಜೀರಿಗೆ ಪುಡಿ ಹಾಕಿ ಇನ್ನೊಂದು ಬಟ್ಟಲು ಬೇರೆ ಚಮಚದೊಂದಿಗೆ ದೂರ ಇಟ್ಟರೆ ಯಾರೂ ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ.

ತಪ್ಪಾದರೆ ಏನು ಮಾಡಬೇಕು

ತೆಳ್ಳಗಾದರೆ: ಮತ್ತೆ ಬಟ್ಟೆಯಲ್ಲಿ ಕಟ್ಟಿ ಫ್ರಿಜ್ಜಿನಲ್ಲಿ 1 ತಾಸು ಇಡಿರಿ. ಕಡಲೆ ಹಿಟ್ಟು, ಮೈದಾ ಬೆರೆಸಬೇಡಿ.
ಬಹಳ ಗಟ್ಟಿಯಾದರೆ: ಒಂದೆರಡು ಚಮಚ ಕೆನೆ. ನೀರು ಬೇಡ.
ಉಪ್ಪು ಹೆಚ್ಚಾದರೆ: ಸಪ್ಪೆ ಚಕ್ಕಾ ಕೂಡಿಸಿರಿ. ಇದಕ್ಕಾಗಿ ಒಂದು ಬಟ್ಟಲು ಚಕ್ಕಾ ಎತ್ತಿಟ್ಟುಕೊಳ್ಳಿರಿ.
ಹುಳಿ ಹೆಚ್ಚಾದರೆ: ಕೆನೆ ಮತ್ತು ಹುರಿದ ಉಳ್ಳಾಗಡ್ಡಿ ಹೆಚ್ಚಿಸಿರಿ.
ಉಳ್ಳಾಗಡ್ಡಿ ಸುಟ್ಟು ಕಹಿಯಾದರೆ: ಉಪಾಯವಿಲ್ಲ. ಮತ್ತೆ ಹೊಸದಾಗಿ ಹುರಿಯಿರಿ. ಸುಟ್ಟದ್ದನ್ನು ಹಾಕಿದರೆ ಚಕ್ಕಾ ಕೂಡ ಹೋಗುತ್ತದೆ.
ವಾಸನೆ ಬಂದರೆ, ನೊರೆ ಕಂಡರೆ: ರುಚಿ ನೋಡದೆ ಚೆಲ್ಲಿರಿ. ಖರ್ಚಿನ ಬಗ್ಗೆ ಸಂಕೋಚ ಬೇಡ. ಷರಾ ಬರೆಯಲು ನಾನಿದ್ದೇನೆ.

ಇದನ್ನು ಮಾಡಿ ನೋಡಿದವರು ತಮ್ಮ ಅಳತೆ, ಬಂದ ತೂಕ, ಆದ ತೊಂದರೆಗಳನ್ನು ಸಂಘಕ್ಕೆ ಬರೆದು ತಿಳಿಸಬೇಕಾಗಿ ವಿನಂತಿ. ಮುಂದಿನ ಕೂಟಕ್ಕೆ ಉಳ್ಳಾಗಡ್ಡಿ ಹುರಿದು ಕೊಡಲು ಮೂರು ಮನೆಗಳು ಬೇಕು. ಒಂದು ನಮ್ಮದು. ಉಳಿದ ಎರಡು ಹೆಸರುಗಳನ್ನು ದಯವಿಟ್ಟು ಬೇಗ ಕೊಡಬೇಕು. ಕಡಾಯಿ ಸಂಘದ್ದು ಇದೆ, ತಕ್ಕಡಿ ನಾನು ತರುತ್ತೇನೆ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ